ಸೋಮವಾರ ನಾನು ಹೇಳುವುದು

ಪ್ರೀತಿಯ ಬಿಂದುಜ ಟೀಚರಿಗೆ,

ಇಂದು ಏಕಾದಶಿ. ಉಪವಾಸ ನನಗೆ ಮಾತ್ರ. ಮನೆಯವರಿಗೆ ದೋಸೆ ಹೊಯ್ದು, ಅಂಗಳ ಗುಡಿಸಿ, ದೇವರಿಗೆ ದೀಪ ಇಟ್ಟು ಈಗ ಕೂತಿದ್ದೇನೆ. ಸಣ್ಣ ವಾಕ್ಯಗಳಲ್ಲಿ ಬರೆಯುತ್ತೇನೆ, ನಿಧಾನ ಓದಿ.

ನೀವು ಬಾರದೆ ವಾರವಾಯಿತು. ಶಾಲೆ ಬಿಟ್ಟ ಮೇಲೆ ನಮ್ಮ ಅಡುಗೆಮನೆಗೆ ಬಂದು ಕನ್ನಡ ಕಲಿಯುತ್ತಿದ್ದಿರಲ್ಲ, ನೀವು ಕೂರುತ್ತಿದ್ದ ಮಣೆ ಅಲ್ಲೇ ಉಂಟು. ಏಳನೇ ಕ್ಲಾಸು ಓದಿದವಳಿಗೆ ವ್ಯಾಕರಣ ಎಂತ ಗೊತ್ತು? ಕೈಯಲ್ಲಿದ್ದ ಕೆಲಸದಿಂದಲೇ ಕಲಿಸಿದೆ. ನಾನು ಕಾಯಿ ತುರಿಯುತ್ತೇನೆ, ನೀವು ತುರಿಯುತ್ತೀರಿ, ತೃಪ್ತಿ ತುರಿಯುತ್ತಾಳೆ. ಮಲಯಾಳದಲ್ಲಿ ಯಾರು ತುರಿದರೂ ಮಾತಿನ ಕೊನೆ ಒಂದೇ ಸಾಕಂತೆ. ಅಕ್ಕನನ್ನು ಕರೆದ ಹಾಗೆ "ಚೇಚಿ, ಇಲ್ಲಿ ಆಳು ನೋಡಿ ಮಾತಿಗೆ ಬಾಲವಾ" ಎಂದು ನಕ್ಕಿರಿ. ನಮ್ಮ ಬೆಕ್ಕಿಗೂ "ಬಂದರು" ಎಂದು ಮರ್ಯಾದೆ ಕೊಟ್ಟಿರಿ. ನನ್ನ ಮಗಳು ತೃಪ್ತಿಗೆ ನಗಾಡಿ ನಗಾಡಿ ಹೊಟ್ಟೆನೋವು.

ಅದೇ ತೃಪ್ತಿ ನಿಮ್ಮ ಲೆಕ್ಕದ ಕ್ಲಾಸಿನಲ್ಲಿ ನಗುವುದಿಲ್ಲ. "ಅಮ್ಮ, ಟೀಚರ್ ಪಾಪ. ಎಂತ ಗೊತ್ತಾಗದಿದ್ರೂ ನಾನು ತಲೆ ಆಡಿಸ್ತೇನೆ" ಎನ್ನುತ್ತಾಳೆ.

ಮಲಯಾಳ ನಾಡಿನಲ್ಲಿದ್ದರೂ ಕನ್ನಡದಲ್ಲೇ ಓದುವ ನಮ್ಮ ಮಕ್ಕಳಿಗೆ ಕನ್ನಡ ಬಲ್ಲ ಟೀಚರ್ ಬೇಕೆಂದು ಊರವರು ಶಾಲೆಯ ಗೇಟಿನಲ್ಲಿ ಕೂತದ್ದು ನಿಮಗೆ ಗೊತ್ತುಂಟು. ಸೋಮವಾರ ವಿಚಾರಿಸಲು ಆಫೀಸರು ಬರುತ್ತಾರೆ. ತಾಯಂದಿರ ಪರವಾಗಿ ನಾನೇ ಮಾತಾಡಬೇಕಂತೆ. "ಕಲಿಸಿದವಳೇ ಸಾಲದು ಅಂದ್ರೆ ಮತ್ತೆ ಆಫೀಸರಿಗೆ ಎಂತ ಹೇಳ್ಲಿಕ್ಕುಂಟು" ಎಂದರು ನಮ್ಮ ಯಜಮಾನರು.

ಅಂದಿನಿಂದ ಜಪಕ್ಕೆ ಕೂತರೂ ಮನಸ್ಸು ನಿಲ್ಲುವುದಿಲ್ಲ. ನಿಮ್ಮ ಕನ್ನಡ ಸಾಕು ಎಂದರೆ ಮಗಳಿಗೆ ಮೋಸ, ದೇವರ ಎದುರು ಸುಳ್ಳು. ಸಾಲದು ಎಂದರೆ ನಿಮ್ಮನ್ನು ಎಲ್ಲಿಗೆ ಹಾಕುತ್ತಾರೋ. ಇಲ್ಲಿಗೆ ಹಾಕುವಾಗ ನಿಮ್ಮನ್ನೂ ಯಾರೂ ಕೇಳಲಿಲ್ಲ, ನಮ್ಮನ್ನೂ ಕೇಳಲಿಲ್ಲ. ಈಗ ಉತ್ತರ ಹೇಳಬೇಕಾದವಳು ನಾನು.

ಸಾಲದು ಎಂದೇ ಹೇಳುತ್ತೇನೆ, ಟೀಚರ್. ಬೇರೆಯವರ ಬಾಯಲ್ಲಿ ಕೇಳುವ ಮೊದಲು ನನ್ನ ಕೈಯಕ್ಷರದಲ್ಲಿ ಓದಿ. ದಿನಾ ಬಂದು ನೆಲದಲ್ಲಿ ಕೂತು ಕಲಿತಿರಿ ಎಂಬುದನ್ನೂ ಹೇಳುತ್ತೇನೆ. ದೂರಿನ ಬಲ ಕಡಿಮೆಯಾದೀತೆಂದು ಊರವರು ಅದನ್ನು ಮಾತ್ರ ಹೇಳಬೇಡ ಎಂದಿದ್ದಾರೆ. ಹೇಳುತ್ತೇನೆ.

ಮಂಗಳವಾರ ಸಂಜೆ ಬರುತ್ತೀರಾ? ನಾನು ಹೋದೆ, ನೀವು ಹೋದಿರಿ ಎಂದು ಹೋದದ್ದನ್ನು ಹೇಳುವ ಪಾಠ ಅರ್ಧಕ್ಕೆ ನಿಂತಿದೆ. ನೀವು ಯಾವ ಊರಿಗೆ ಹೋದರೂ ದೇವರು ನಿಮ್ಮನ್ನು ಚಂದದಲ್ಲಿ ಇಡಲಿ.

ಶಾಲೆಯಲ್ಲಿ ಅನ್ನ ಬೇಯಿಸುವ ಅಕ್ಕುವಿನ ಕೈಯಲ್ಲಿ ಇದನ್ನು ಕೊಟ್ಟಿದ್ದೇನೆ. ಉತ್ತರ ತರಲು ನಾಳೆ ಅವಳೇ ಬರುತ್ತಾಳೆ, ಬರಿಗೈಯಲ್ಲಿ ಕಳಿಸಬೇಡಿ. ಬಯ್ದು ಬರೆದರೂ ಸರಿ, ಕನ್ನಡದಲ್ಲಿ ಬರೆಯಿರಿ. ತಪ್ಪಿದ್ದರೆ ತಿದ್ದುವುದಿಲ್ಲ.

ನಿಮ್ಮ ದಾರಿ ನೋಡುವ ಚೇಚಿ,
ಪರಮೇಶ್ವರಿ
ಮಂಗಲ್ಪಾಡಿ