ದವಡೆಹಲ್ಲಿನ ನಾಲ್ಕು ಸೆಕೆಂಡು

ಮಾರ್ಚ್ 4, ಮಂಗಳವಾರ. ಅಂಗಡಿ ಮುಚ್ಚಿದ ಮೇಲೆ

ಇವತ್ತೂ ಅದೇ ಚೆಸ್ ಪೊಸಿಷನ್. ಬಿಳಿ ಗೆಲ್ಲುವ ನಡೆ ಒಂದೇ — ಆನೆಯನ್ನು ಒಯ್ದು ಎದುರಾಳಿಯ ಕಾಲಾಳಿನ ಬಾಯಿಗೆ ಇಡಬೇಕು. ನೋಡಿದರೆ ಹುಚ್ಚು. ಯಾಕೆ ಅಂತ ಗೊತ್ತಾಗುವುದು ಬಹಳ ನಡೆ ಕಳೆದ ಮೇಲೆ. ಚೆಸ್ ಆಡುವ ಪ್ರೋಗ್ರಾಮು, ಅಂದರೆ ಎಂಜಿನ್‌ಗಳಿಗೆ ಕಬ್ಬಿಣದ ಕಡಲೆ.

ಎಲ್ಲರೂ ಬಳಸುವ ಆ ದೊಡ್ಡ ಎಂಜಿನ್, ನಾನು ದೊಡ್ಡಣ್ಣ ಅನ್ನುವುದು — ಆ ನಡೆ ಕಾಣಲು ಎರಡು ನಿಮಿಷ. ಅದರ ಕೆಳಗಿನದು ಅರ್ಧ ಗಂಟೆ. ಉಳಿದವು ಇನ್ನೂ ಬೆವರು ಸುರಿಸುತ್ತಿವೆ. ಎಲ್ಲಕ್ಕೂ ಒಂದೇ ಕಂಪ್ಯೂಟರು. ಪ್ರತಿ ಸಲ ಮೆಮೊರಿ ಖಾಲಿ ಮಾಡಿಯೇ ಶುರು. ಇಲ್ಲದಿದ್ದರೆ ಹಿಂದಿನ ಸಲ ಕಂಡದ್ದನ್ನೇ ನೆನಪಿಟ್ಟುಕೊಂಡು ಒದರಿಬಿಡುತ್ತವೆ. ಹಗಲೆಲ್ಲ ಕನ್ನಡಕ ಮಾರುವವನು ನಾನು, ಆದರೂ ಚೆಸ್ ಕ್ಲಬ್ಬಿನಲ್ಲಿ, ಯಾವ ಎಂಜಿನ್ನಿಗೆ ಎಷ್ಟು ಹೊತ್ತು ಬೇಕಾಯಿತು ಅನ್ನುವ ನನ್ನ ಲಿಸ್ಟ್ ಅಂದರೆ ಎರಡನೇ ಮಾತಿಲ್ಲ.

ಭಾವ ಬಂದಿದ್ದರು. ಅಕ್ಕ ಕಟ್ಟಿಕೊಂಡದ್ದು ಹಲ್ಲಿನ ಡಾಕ್ಟರನ್ನು, ಅವರು ಸಂಸಾರ ಮಾಡುತ್ತಿರುವುದು ತಾವೇ ಬರೆದ ಎಂಜಿನ್ ಜೊತೆ. ಆರು ವರ್ಷದಿಂದ. ಹೆಸರು ದವಡೆಹಲ್ಲು! ಎಂದಿನಂತೆ ಕನ್ನಡಕದ ಸ್ಕ್ರೂ ಸಡಿಲ. ಬಿಗಿ ಮಾಡಿಕೊಟ್ಟೆ. ಪೆನ್‌ಡ್ರೈವ್ ಕೈಗಿಟ್ಟರು, ಲಿಸ್ಟಿನಲ್ಲಿ ಕೊನೇ ಸಾಲಾದರೂ ಸಾಕು, ಇರಬೇಕು ಅಷ್ಟೇ ಅಂದರು.

ಮಾರ್ಚ್ 6, ಗುರುವಾರ

ಮಧ್ಯಾಹ್ನದಿಂದ ದವಡೆಹಲ್ಲು ಓಡಿಸುತ್ತಿದ್ದೇನೆ. ಲಿಸ್ಟಿಗಲ್ಲ, ಸುಮ್ಮನೆ ನೋಡೋಣ ಅಂತ. ಪಾಪ... ಆನೆ ಮುಟ್ಟುವ ಯೋಚನೆಯೇ ಇಲ್ಲ. ಅದೇ ರಾಜನನ್ನು ಆಚೆ ಈಚೆ. ಸಂಜೆಯಾದರೂ ಅಷ್ಟೇ. ಓಡುತ್ತಿರಲಿ ಅಂತ ಸ್ಕ್ರೀನ್ ಮಾತ್ರ ಆರಿಸಿ ಬಂದೆ. ಕೊನೇ ಸಾಲು ಗ್ಯಾರಂಟಿ.

ಮಾರ್ಚ್ 7, ಶುಕ್ರವಾರ

ಬೆಳಗ್ಗೆ ಬರುವ ಹೊತ್ತಿಗೇ ಬಾಗಿಲಲ್ಲಿ ಒಬ್ಬರು ಟೀಚರು, ಬೈಫೋಕಲ್ ತುರ್ತಾಗಿ ಬೇಕಂತೆ. ರಾತ್ರಿಯ ಹುಡುಕಾಟವನ್ನು ನೋಡದೆಯೇ ನಿಲ್ಲಿಸಿದೆ. ನೋಡುವುದೇನಿದೆ, ಸಿಕ್ಕಿರುವುದಿಲ್ಲ. ಟೀಚರು ಹೋದ ಮೇಲೆ ಲಿಸ್ಟಿಗಾಗಿ ಮತ್ತೆ ಶುರು ಮಾಡಿದೆ.

ನಾಲ್ಕು ಸೆಕೆಂಡು.

ಆನೆ ಕಾಲಾಳಿನ ಬಾಯಿಗೆ. ನಾಲ್ಕೇ ಸೆಕೆಂಡು. ದೊಡ್ಡಣ್ಣನಿಗೇ ಎರಡು ನಿಮಿಷ ಬೇಕಾಯಿತು!

ಸಾಧ್ಯವೇ ಇಲ್ಲ. ಈ ಪೊಸಿಷನ್ ಹೋದ ತಿಂಗಳು ಅವರ ಮನೆಯಲ್ಲಿ ಊಟ ಮಾಡುತ್ತ ನಾನೇ ತೋರಿಸಿದ್ದೆ. ಉತ್ತರವನ್ನು ಪ್ರೋಗ್ರಾಮಿನ ಒಳಗೇ ತುರುಕಿದ್ದಾರೆ. ಬೇರೆ ಹೇಗೆ? ನನ್ನ ಲಿಸ್ಟಿಗೇ ಮಣ್ಣೆರಚಲು ನೋಡಿದರಲ್ಲ. ಅದೂ ಸ್ವಂತ ಭಾವ. ಮೈ ಉರಿಯುತ್ತಿದೆ.

ಮಾರ್ಚ್ 9, ಭಾನುವಾರ

ಕ್ಲಬ್ಬಿನಲ್ಲಿ ಹೇಳಿಬಿಟ್ಟೆ. ಎಲ್ಲರೆದುರು, ಲಿಸ್ಟ್ ಓದುತ್ತ ಓದುತ್ತ. ದವಡೆಹಲ್ಲಿನ ಹೆಸರು ಹೊಡೆದುಹಾಕಿದ್ದೇನೆ ಅಂದೆ, ಯಾಕೆ ಅಂತಲೂ ಹೇಳಿದೆ. ಸೆಕ್ರೆಟರಿ ಸುಮ್ಮನಿರಬಾರದೇ — "ಹಾಗಾದ್ರೆ ಇದು ಹುಟ್ಟಿದ ಹಲ್ಲಲ್ಲ, ಕಟ್ಟಿಸಿದ ಹಲ್ಲು ಅನ್ನಿ ಡಾಕ್ಟ್ರೇ." ನಗೆಯೋ ನಗೆ. ನಾನೂ ನಕ್ಕೆ.

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಹಾಗೆ ಮಾಡಿಲ್ಲ ಕಣೋ. ಬೇಕಾದ್ರೆ ಕೋಡ್ ತೆಗೆದು ತೋರಿಸ್ತೀನಿ." ಅದು ಇಲ್ಲಿ ಯಾರಿಗೆ ಅರ್ಥವಾಗಬೇಕು ಅಂದೆ. ಎದ್ದು ಹೋದರು. ಚಹಾ ಹಾಗೇ ಇತ್ತು.

ಸರಿಯಾಗಿಯೇ ಮಾಡಿದೆ. ನಿಯಮ ಅಂದರೆ ನಿಯಮ.

ಮಾರ್ಚ್ 29, ಶನಿವಾರ

ಅಕ್ಕನ ಫೋನ್. ಮೂರು ವಾರದಿಂದ ಭಾವ ಇತ್ತ ಕಡೆ ತಲೆ ಹಾಕಿರಲಿಲ್ಲ. ಲ್ಯಾಪ್‌ಟಾಪ್ ತೆರೆಯುವುದೇ ಇಲ್ಲವಂತೆ. ಕ್ಲಬ್ಬಿನಿಂದ ಬಂದ ದಿನವೇ ದವಡೆಹಲ್ಲಿನ ಕೋಡ್ ಪೂರ್ತಿ ಅಳಿಸಿಹಾಕಿದರಂತೆ. ಕನ್ನಡಕದ ಕಾಲು ಕಳಚಿದೆ, ಬ್ಯಾಂಡೇಜಿನ ಪ್ಲಾಸ್ಟರ್ ಸುತ್ತಿಕೊಂಡು ಓಡಾಡುತ್ತಾರಂತೆ. ಬೇರೆ ಅಂಗಡಿಗೆ ಹೋಗಿ ಅಂದರೆ ಬೇಡ ಅನ್ನುತ್ತಾರಂತೆ.

ಕೊನೆಗೆ ಕೇಳಿದಳು — "ಅವರು ಸುಳ್ಳು ಹೇಳೋರಲ್ಲ. ನೀನೂ ಹೇಳೋನಲ್ಲ. ನಾನೀಗ ಯಾರನ್ನ ನಂಬಲಿ?"

ಅಳಿಸಿದ್ದಾರೆ ಅಂದರೆ ಕಳ್ಳತನ ಮುಚ್ಚಲಿಕ್ಕೇ ಅಂದುಕೊಂಡೆ. ಹಾಗಂತ ಅವಳಿಗೆ ಹೇಳಲಿಲ್ಲ, ಅದೊಂದು ಪುಣ್ಯ.

ಏಪ್ರಿಲ್ 3, ಗುರುವಾರ. ಅಂಗಡಿಯಲ್ಲೇ

ದೊಡ್ಡಣ್ಣನ ಹೊಸ ಆವೃತ್ತಿ ಬಂದಿತ್ತು, ಅದೇ ಪೊಸಿಷನ್ ಕೊಟ್ಟೆ. ಒಂದೂವರೆ ನಿಮಿಷ. ಅಷ್ಟರಲ್ಲಿ ಗಿರಾಕಿ. ಅವರನ್ನು ಕಳಿಸಿ ಬಂದು, ಇನ್ನೊಮ್ಮೆ ನೋಡೋಣ ಅಂತ ಒತ್ತಿದೆ. ಕಣ್ಣು ಮಿಟುಕಿಸುವುದರಲ್ಲಿ ಆನೆ ಹೊರಟಿತು. ಮೆಮೊರಿ ಖಾಲಿ ಮಾಡಿರಲಿಲ್ಲ ನಾನು...

ಆವತ್ತು ಮಾಡಿದ್ದೆನಾ?

ಟೀಚರು. ಬೈಫೋಕಲ್. ರಾತ್ರಿಯ ಹುಡುಕಾಟ ನಿಲ್ಲಿಸಿದೆ. ಮತ್ತೆ ಶುರು ಮಾಡಿದೆ. ನಡುವೆ ಏನೂ ಮಾಡಲಿಲ್ಲ. ಏನೂ.

ಏಪ್ರಿಲ್ 4, ಶುಕ್ರವಾರ

ಪೆನ್‌ಡ್ರೈವ್ ಡ್ರಾಯರಿನಲ್ಲೇ ಇತ್ತು. ಬೆಳಗ್ಗೆ ಬಂದವನೇ ಮೆಮೊರಿ ಖಾಲಿ ಮಾಡಿ ದವಡೆಹಲ್ಲು ಹಚ್ಚಿದೆ. ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುತ್ತಲೇ ಅತ್ತ ನೋಡುವುದು. ಒಬ್ಬರಿಗೆ ಎಡಗಣ್ಣಿನ ನಂಬರ್ ಬಲಗಣ್ಣಿಗೆ ಬರೆದಿದ್ದೆ, ಸದ್ಯ ಅವರೇ ಹೇಳಿದರು.

ಅಂಗಡಿ ಮುಚ್ಚುವ ಹೊತ್ತಿಗೆ ಸಿಕ್ಕಿತು. ಹಚ್ಚಿ ಹತ್ತು ಗಂಟೆಗೂ ಹೆಚ್ಚು ಹೊತ್ತಾಗಿತ್ತು. ಉತ್ತರ ಒಳಗೆ ಇಟ್ಟಿದ್ದರೆ ಯಾರಾದರೂ ಹೀಗೆ ಹೆಣಗುತ್ತಾರಾ? ಆವತ್ತು ರಾತ್ರಿಯೂ ಕತ್ತಲಲ್ಲಿ ಒಂಟಿಯಾಗಿ ಕೂತು ಹುಡುಕಿ, ಕಂಡುಕೊಂಡು, ಬೆಳಗ್ಗೆ ನನಗೆ ತೋರಿಸಲಿಕ್ಕೆ ಇಟ್ಟುಕೊಂಡಿತ್ತು. ಸಿಕ್ಕಿರುವುದಿಲ್ಲ ಅಂತ ನಾನು ನೋಡಲೇ ಇಲ್ಲ. ಸೋತಿರುತ್ತದೆ ಅಂತ ಮೊದಲೇ ತೀರ್ಮಾನಿಸಿದ್ದೆ. ಗೆದ್ದಾಗ ಕಳ್ಳ ಅಂದೆ.

ನಾಚಿಕೆ. ಬೇರೆ ಪದವಿಲ್ಲ. ನನ್ನ ಮೇಲೆ ನನಗೇ ಹೇಸಿಗೆ. ಪೆನ್‌ಡ್ರೈವಿನಲ್ಲಿ ಓಡುವ ಪ್ರೋಗ್ರಾಮ್ ಇದೆ, ಬರೆದ ಕೋಡ್ ಇಲ್ಲ. ಇನ್ನು ಅದನ್ನು ಓಡಿಸಬಹುದು, ಒಂದಕ್ಷರ ತಿದ್ದಲು ಆಗುವುದಿಲ್ಲ. ಆರು ವರ್ಷದ್ದು. ಉಳಿದಿರುವುದು ಇಷ್ಟು, ಅದೂ ನನ್ನ ಡ್ರಾಯರಿನಲ್ಲಿ.

ಏಪ್ರಿಲ್ 8, ಮಂಗಳವಾರ

ಕ್ಲಿನಿಕ್ಕಿಗೆ ಹೋದೆ, ಹೇಳಿಬಿಡೋಣ ಅಂತ. ಬೆಂಚಿನ ಮೇಲೆ ಕೂತಿದ್ದೆ. ಹೊಸ ನರ್ಸಿಗೆ ನನ್ನ ಗುರುತಿಲ್ಲ, ಪೇಷಂಟ್ ಅಂತ ಒಳಗೆ ಕರೆದಳು. ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ, ಹೋಗಿ ಕುರ್ಚಿಯಲ್ಲಿ ಮಲಗಿದೆ. ಹೇಡಿ.

ಭಾವ ಒಂದು ಕ್ಷಣ ನೋಡಿದರು. ಏನೂ ಕೇಳದೆ ಗ್ಲೌಸ್ ಹಾಕಿಕೊಂಡು ಬಾಯಿ ತೆರೆಸಿದರು. ಹುಳುಕು ಇತ್ತಂತೆ, ನಿಜವಾಗಿಯೂ. ಹತ್ತಿ ತುರುಕಿದರು, ಎಂಜಲು ಎಳೆಯುವ ಪೈಪ್ ಇಟ್ಟರು. "ನೋವಾದ್ರೆ ಕೈ ಎತ್ತು" ಅಂದರು.

ಅವರ ಮುಖ ನನ್ನ ಮುಖದಿಂದ ಗೇಣು ದೂರ. ಕನ್ನಡಕದ ಕಾಲಿಗೆ ಪ್ಲಾಸ್ಟರ್, ಅಂಚು ಕೊಳೆಯಾಗಿದೆ. ಕೈ ಎತ್ತಿದೆ. ತಕ್ಷಣ ನಿಲ್ಲಿಸಿದರು. ಎಲ್ಲಿ ನೋವು ಅಂದರು. ತಲೆ ಅಲ್ಲಾಡಿಸಿದೆ. ಕಣ್ಣಲ್ಲಿ ನೀರು ಬಂತು, ಡ್ರಿಲ್ಲಿನದು ಅಂದುಕೊಂಡಿರಬೇಕು. ಇನ್ನೂ ಮೆಲ್ಲಗೆ ಕೆಲಸ ಮಾಡಿದರು.

ಸಿಮೆಂಟ್ ತುಂಬಿ, ಎರಡು ಗಂಟೆ ಆ ಕಡೆ ಅಗಿಯಬೇಡ ಅಂದರು. ತಲೆಯಾಡಿಸಿ ಎದ್ದು ಬಂದೆ.

ಏಪ್ರಿಲ್ 13, ಭಾನುವಾರ. ಬೆಳಗ್ಗೆ, ಅಂಗಡಿ

ಸಂಜೆ ಕ್ಲಬ್. ಅಲ್ಲಿ ಹೇಳುವುದು ಕಷ್ಟವೇನಲ್ಲ. ತಪ್ಪು ನನ್ನದು ಅಂದರೆ ಎಂಥ ಪ್ರಾಮಾಣಿಕ ಅಂತ ಬೆನ್ನು ತಟ್ಟುತ್ತಾರೆ. ಸೆಕ್ರೆಟರಿ ಏನಾದರೂ ಜೋಕ್ ಹೊಡೆಯುತ್ತಾನೆ. ಹೇಳಲೇಬೇಕು, ಹೇಳುತ್ತೇನೆ. ಆದರೆ ಮೊದಲು ಭಾವನಿಗೆ.

ಅಕ್ಕನಿಗೆ ನಿನ್ನೆ ಫೋನ್ ಮಾಡಿದೆ. ಕನ್ನಡಕ ಸರಿ ಮಾಡಿಕೊಡುತ್ತೇನೆ, ಕಳಿಸು ಅಂದೆ. ಕನ್ನಡಕ ಮಾತ್ರ ಕಳಿಸುತ್ತಾಳೆ ಅಂದುಕೊಂಡಿದ್ದೆ.

ಅವರೇ ಬಂದಿದ್ದಾರೆ. ಎದುರುಗಡೆ ಸ್ಕೂಟರ್ ನಿಲ್ಲಿಸಿ ರಸ್ತೆ ದಾಟಲು ನಿಂತಿದ್ದಾರೆ. ಕನ್ನಡಕ ಕೈಯಲ್ಲಿದೆ. ಹಾಕಿಕೊಳ್ಳದೆ ಏನು ಕಾಣುತ್ತದೆ ಈ ಮನುಷ್ಯನಿಗೆ. ಸ್ಕ್ರೂ ತೆಗೆದಿಟ್ಟಿದ್ದೇನೆ. ಪೆನ್‌ಡ್ರೈವೂ ಪಕ್ಕದಲ್ಲಿದೆ. ಮೊದಲ ಮಾತು ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಮತ್ತೆ ಬಾಯಿ ಕಟ್ಟುತ್ತದೆ.

ಭಾವ, ಅದು ತಾನಾಗಿಯೇ ಹುಡುಕಿತ್ತು. ರಾತ್ರಿಯಿಡೀ ಕೂತು ಹುಡುಕಿತ್ತು. ನಾನೇ ನೋಡ—