ಗೀಟು ಹಾಕಿದ ಬೆಲೆ ಮತ್ತು ಮುನಿಯಲ್ಲಮ್ಮನವರ ಗ್ರೈಂಡರ್

ತೂಕ, ಅಳತೆ ಮತ್ತು ಬೆಲೆಚೀಟಿಗಳ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಇಂದು ಬೆಳಗ್ಗೆ ನಮ್ಮ ಮನೆ ಮಾಲಕಿ ಮುನಿಯಲ್ಲಮ್ಮನವರ ಜಗಲಿಯಲ್ಲಿ, ಅಕ್ಕಿ ಮೂಟೆಗೆ ತಂಡಿ ತಾಕದಿರಲೆಂದು ಅಡಿಗೆ ಹಾಸಿದ್ದ ಹೊಸ ಗ್ರೈಂಡರಿನ ರಟ್ಟಿನ ಪೆಟ್ಟಿಗೆಯ ಮೇಲೆ ಒಂದು ಚೀಟಿ ಅರ್ಧ ಮೇಲೆದ್ದಿತ್ತು. ಇಬ್ಬನಿಗೆ ಅಂಟು ಬಿಟ್ಟಿರಬೇಕು. ಚೀಟಿಯ ಮೇಲೆ ಗರಿಷ್ಠ ಮಾರಾಟ ಬೆಲೆ ೧೯,೯೯೦ ರೂಪಾಯಿ ಎಂದಿತ್ತು. ಉಗುರಿನಿಂದ ಇನ್ನಷ್ಟು ಎಬ್ಬಿಸಿದೆ. ಕೆಳಗೆ, ರಟ್ಟಿನ ಮೇಲೆಯೇ ಅಚ್ಚಾಗಿದ್ದ ಬೆಲೆ ೧೩,೪೯೦. ಒಂದೇ ಗ್ರೈಂಡರು, ಒಂದೇ ಪೆಟ್ಟಿಗೆ, ತಯಾರಾದ ತಿಂಗಳೂ ಒಂದೇ. ನಡುವೆ ಬೆರಳಗಲದ ಕಾಗದ, ಆರೂವರೆ ಸಾವಿರ ರೂಪಾಯಿ.

ಆನ್‌ಲೈನಿನಲ್ಲಿ ಇದೇ ಗ್ರೈಂಡರಿನ ಬೆಲೆಯನ್ನು ಸುಳ್ಳೇ ಏರಿಸಿ, ಅದಕ್ಕೆ ಗೀಟು ಹಾಕಿ, ಕಡಿಮೆ ಮಾಡಿದಂತೆ ತೋರಿಸಿದ್ದಾರೆ ಎಂದು ನಾನು ಕಳೆದ ತಿಂಗಳು ತಮ್ಮ ಕಚೇರಿಗೆ ದೂರು ಕೊಟ್ಟಿದ್ದೆ. "ಸ್ಪರ್ಧಾತ್ಮಕ ಮಾರುಕಟ್ಟೆಯಲ್ಲಿ ದರ ವ್ಯತ್ಯಾಸ ಸಹಜವಾದುದರಿಂದ ತಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ" ಎಂಬ ಒಂದೂವರೆ ಸಾಲಿನ ಉತ್ತರ ಬಂತು. ಉತ್ತರದಲ್ಲಿ ಕಾಗುಣಿತ ತಪ್ಪಿರಲಿಲ್ಲ, ಅಷ್ಟರಮಟ್ಟಿಗೆ ಸಂತೋಷ. ಆದರೆ ಮುಕ್ತಾಯವಾದದ್ದು ದೂರು ಮಾತ್ರ. ಆ ಬೆಲೆಯನ್ನು ನಂಬಿದ್ದರಿಂದ ಒಬ್ಬ ಹೆಂಗಸಿನ ಬೆಳಗಿನ ದುಡಿಮೆ ಕೈತಪ್ಪಿಹೋಗಿದೆ. ಅದಿನ್ನೂ ಮುಗಿದಿಲ್ಲವಾದ್ದರಿಂದ ಈ ಪತ್ರವನ್ನು ತಮಗೂ ಪತ್ರಿಕೆಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮುನಿಯಲ್ಲಮ್ಮನವರು ಕೊಡಿಗೇಹಳ್ಳಿಯ ಹಳೆಯ ಮನೆತನದವರು. ನಾವು ಅವರ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟುಗಳಿವೆ; ಹೊಲದ ಹಣ ದಾಯಾದಿಗಳ ನಡುವೆ ಎಲ್ಲಿಗೆ ಹೋಯಿತೋ ಅದು ಬೇರೆಯೇ ಕತೆ. ಅವರ ಕೈಯಲ್ಲಿ ಉಳಿದದ್ದು ಈ ಮನೆ ಮತ್ತು ಇಡ್ಲಿ ಹಿಟ್ಟು ರುಬ್ಬುವ ಕೆಲಸ. ಬ್ಯಾಟರಾಯನಪುರದ ಕಡೆಗಿರುವ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ, ಅರವತ್ತು ಹುಡುಗಿಯರಿಗೆ, ನಾಲ್ಕು ವರ್ಷದಿಂದ ಬೆಳಗ್ಗೆ ಐದೂವರೆಗೆ ಹಿಟ್ಟು ಮುಟ್ಟಿಸುತ್ತಿದ್ದರು. ಮನೆ ನಡೆಯುತ್ತಿದ್ದುದು ಅದರಲ್ಲೇ. ಸೆಪ್ಟೆಂಬರ್ ಕೊನೆಯಲ್ಲಿ ಅವರ ಐದು ಲೀಟರಿನ ಹಳೆಯ ಗ್ರೈಂಡರಿನ ಮೋಟಾರು ಸುಟ್ಟಿತು. ರಿಪೇರಿಯವನು ವಾಸನೆ ನೋಡಿಯೇ ಕೈಚೆಲ್ಲಿ ಹೋದ.

ಇಲ್ಲಿ ನನ್ನ ಪಾತ್ರ ಬರುತ್ತದೆ. ನಾನು ಕನ್ನಡ ಎಂಎ ಮಾಡಿ, ಕೆಲಸ ಹುಡುಕುತ್ತ ಮನೆಯಲ್ಲಿರುವವಳು. ಅಂಗಡಿಯವರ ಮುಖ ನೋಡಿ "ಸ್ವಲ್ಪ ಕಡಿಮೆ ಮಾಡಿ" ಎನ್ನುವುದಕ್ಕೆ ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಸೊಪ್ಪಿನವಳು ಹೇಳಿದಷ್ಟು ಕೊಟ್ಟು ಬಂದು ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ನನ್ನಂಥವರಿಗೆ ಆನ್‌ಲೈನ್ ಅಂಗಡಿ ದೇವರು ಕೊಟ್ಟ ವರ ಅನ್ನಿಸಿತ್ತು. ಮಾತಿಲ್ಲ, ಮುಜುಗರವಿಲ್ಲ, ಐದು ಅಂಗಡಿಗಳ ಬೆಲೆ ಒಂದೇ ಪರದೆಯ ಮೇಲೆ. ಎಂಎಯಲ್ಲಿ ಗ್ರಂಥಸಂಪಾದನೆ ಎಂಬ ವಿಷಯವೊಂದಿತ್ತು. ಒಂದೇ ಕಾವ್ಯದ ನಾಲ್ಕೈದು ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು, ಪಾಠಭೇದಗಳನ್ನು ಗುರುತು ಮಾಡಿ, ಮೂಲಕ್ಕೆ ಹತ್ತಿರವಾದದ್ದು ಯಾವುದು ಎಂದು ನಿರ್ಧರಿಸುವ ವಿದ್ಯೆ. ಆ ವಿದ್ಯೆ ಎಲ್ಲಿಯೂ ಕೆಲಸ ಕೊಡಿಸದಿದ್ದರೂ ಕುಕ್ಕರು, ಮಿಕ್ಸಿ, ಶಾಲೆಯ ಬೂಟುಗಳ ಬೆಲೆ ಹೋಲಿಸುವುದಕ್ಕೆ ಸೊಗಸಾಗಿ ಒದಗಿತು. ಬೀದಿಯವರೆಲ್ಲ ಏನಾದರೂ ಕೊಳ್ಳುವ ಮೊದಲು ನಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದರು. ನನ್ನ ಜೀವನದಲ್ಲಿ ಜನ ನನ್ನನ್ನು ಹುಡುಕಿಕೊಂಡು ಬಂದದ್ದು ಅದಕ್ಕೊಂದಕ್ಕೇ.

ಗ್ರೈಂಡರ್ ಸುಟ್ಟ ದಿನವೇ ಮುನಿಯಲ್ಲಮ್ಮನವರ ಜೊತೆ ಮೊಯಿನುದ್ದೀನ್ ಅವರ ಅಂಗಡಿಗೆ ಹೋಗಿದ್ದೆ. ಮುಖ್ಯರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಮಿಕ್ಸಿ, ಗ್ರೈಂಡರ್ ಮಾರುವವರು ಅವರು. ಹನ್ನೆರಡೂವರೆ ಸಾವಿರ, ಸಂಜೆಯೇ ತಂದು ಕೂರಿಸಿಕೊಡುತ್ತೇನೆ ಎಂದರು. ನಾನು ಮುನಿಯಲ್ಲಮ್ಮನವರ ಸೆರಗು ಜಗ್ಗಿ, ಮೊಬೈಲು ತೋರಿಸಿ ಪಿಸುಗುಟ್ಟಿದೆ. ಅಲ್ಲಿ ಅದೇ ಗ್ರೈಂಡರು ೧೧,೮೫೦ಕ್ಕಿತ್ತು. ಪಕ್ಕದಲ್ಲಿ ಗೀಟು ಹಾಕಿದ ಬೆಲೆ ೧೩,೪೯೦. ಮೇಲೊಂದು ಮಿನುಗುವ ಪಟ್ಟಿ: ಇನ್ನು ಹನ್ನೆರಡೇ ದಿನ, ಹಬ್ಬದ ಮಹಾಮಾರಾಟ, ಅಡುಗೆಮನೆ ಸಾಮಾನುಗಳ ಮೇಲೆ ಶೇಕಡ ನಲವತ್ತರವರೆಗೆ ರಿಯಾಯಿತಿ. ನಾನು ಲೆಕ್ಕ ಹಾಕಿದೆ. ಏಳು ಸಾವಿರದ ಚಿಲ್ಲರೆಗೆ ಸಿಗುತ್ತದೆ ಎಂದೆ.

"ಏನಂತೈತೆ ಮೊಬೈಲು?" ಎಂದು ಮೊಯಿನುದ್ದೀನರೇ ಕೇಳಿದರು.

"ಕಾದ್ರೆ ಏಳ್ ಸಾವ್ರಕ್ಕೆ ಬತ್ತದಂತೆ ಕಣಪ್ಪ," ಮುನಿಯಲ್ಲಮ್ಮನವರಿಗೆ ಗುಟ್ಟು ಮಾಡುವುದು ಗೊತ್ತಿಲ್ಲ.

"ಕಾಯಿರಿ ಅಮ್ಮಾ, ನಾನೇನು ಬೇಡ ಅಂದ್ನಾ?" ಅವರು ನಕ್ಕರು. "ನೀವು ಕಾಯ್ತೀರ, ಈ ಮೇಡಮ್ಮೂ ಕಾಯ್ತಾರೆ. ನೆನೆ ಹಾಕಿದ ಅಕ್ಕಿ ಕಾಯಲ್ಲ, ಅಷ್ಟೇ."

ಆ ಮಾತನ್ನು ನಾನು ವ್ಯಾಪಾರಿಯ ಜಾಣತನ ಎಂದುಕೊಂಡೆ. ತಪ್ಪು ನನ್ನದು, ಅದನ್ನು ತಮ್ಮ ಮೇಲೆ ಹೊರಿಸುವುದಿಲ್ಲ.

ಆ ಹನ್ನೆರಡು ದಿನ ಮುನಿಯಲ್ಲಮ್ಮನವರು ನಮ್ಮ ಮನೆಯ ಎರಡು ಲೀಟರಿನ ಗ್ರೈಂಡರಿನಲ್ಲಿ ಅರವತ್ತು ಜನರ ಹಿಟ್ಟನ್ನು ಸರದಿಯ ಮೇಲೆ ಸರದಿ ರುಬ್ಬಿದರು. ನಡುವೆ ಮೋಟಾರು ಬಿಸಿಯಾಗುತ್ತಿತ್ತು, ಆರುವವರೆಗೆ ಕೂರಬೇಕಿತ್ತು. ಕೊನೆಯ ಸರದಿಯ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬಂದು ಉಬ್ಬುತ್ತಿರಲಿಲ್ಲ. ಮಹಡಿಯಲ್ಲಿ ಕೂತು ನಾನು ದಿನವೂ ನೋಟುಪುಸ್ತಕದಲ್ಲಿ ಬೆಲೆ ಬರೆದಿಡುತ್ತಿದ್ದೆ. ಐದು ದಿನ ೧೧,೮೫೦. ಆರನೆಯ ದಿನ ೧೨,೪೦೦. ಮಾರಾಟಕ್ಕೆ ಎರಡು ದಿನವಿದೆ ಎನ್ನುವಾಗ ೧೪,೬೦೦, ಗೀಟು ಹಾಕಿದ ಬೆಲೆ ಇದ್ದಕ್ಕಿದ್ದಂತೆ ೧೯,೯೯೦. ಮಹಾಮಾರಾಟದ ದಿನ ಬಂತು: ೧೯,೯೯೦ಕ್ಕೆ ಗೀಟು, ಪಕ್ಕದಲ್ಲಿ ೧೨,೯೯೯, ಶೇಕಡ ಮೂವತ್ತೈದು ಉಳಿತಾಯ, ಅಭಿನಂದನೆಗಳು.

ಹೋಲಿಸಿ ನೋಡಬೇಕಿತ್ತು ಎನ್ನುತ್ತೀರಾ? ಹೋಲಿಸಿದೆ ಮಾನ್ಯರೇ. ಐದು ತಾಣಗಳಲ್ಲಿ ನೋಡಿದೆ. ಐದರಲ್ಲೂ ಮಾರುವವನು ಒಬ್ಬನೇ, ಹೆಸರು ಮಾತ್ರ ಐದು. "ಎಲ್ಲೆಡೆಯ ಬೆಲೆ ಹೋಲಿಸಿ ಕೊಡುತ್ತೇವೆ" ಎನ್ನುವ ಇನ್ನೆರಡು ತಾಣಗಳಿವೆ. ಅವು ಯಾವ ಅಂಗಡಿಗೆ ಕಳಿಸಿದರೆ ತಮಗೆ ಕಮಿಷನ್ ಹೆಚ್ಚೋ ಅದನ್ನು ಮೇಲಿಡುತ್ತವೆ. ಎಲ್ಲಕ್ಕಿಂತ ಅಗ್ಗವೆಂದು ಕಂಡದ್ದನ್ನು ಒತ್ತಿದರೆ ಕೊನೆಯ ಪುಟದಲ್ಲಿ ಸಾಗಣೆ ವೆಚ್ಚ ಎಂದು ಸಾವಿರದ ನೂರು ಸೇರುತ್ತದೆ. ಪರದೆಯ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು: ಹದಿನೇಳು ನಿಮಿಷ ಬಾಕಿ, ಮೂರೇ ಉಳಿದಿವೆ. ನಾನು ಹದಿನೇಳು ನಿಮಿಷ ಅದನ್ನೇ ನೋಡುತ್ತ ಕೂತೆ. ಸೊನ್ನೆಯಾದ ಮೇಲೆ ಅದು ಮತ್ತೆ ನಲವತ್ತೈದರಿಂದ ಶುರುವಾಯಿತು. ಹಸ್ತಪ್ರತಿಗಳಲ್ಲಿ ಲಿಪಿಕಾರರು ತಪ್ಪು ಮಾಡುತ್ತಿದ್ದರು, ಸಾಲು ಬಿಡುತ್ತಿದ್ದರು, ಒಮ್ಮೊಮ್ಮೆ ತಮ್ಮದೇ ಪದ್ಯ ಸೇರಿಸಿಬಿಡುತ್ತಿದ್ದರು. ಆದರೆ ನಾನು ಓದುತ್ತಿರುವಾಗಲೇ ನನ್ನ ಕಣ್ಣೆದುರಿಗೆ ಓಲೆ ತಿದ್ದಿದ ಲಿಪಿಕಾರ ಯಾರೂ ಸಿಕ್ಕಿರಲಿಲ್ಲ.

ಮತ್ತೆ ಮೊಯಿನುದ್ದೀನರ ಅಂಗಡಿಗೆ ಓಡಿದೆವು. "ಆಯುಧಪೂಜೆಗೆ ಅಂತ ಇದ್ದ ಎರಡು ಗ್ರೈಂಡರೂ ಬುಕ್ ಆಗೋಯ್ತಲ್ಲ ಅಮ್ಮಾ. ಇನ್ನು ದೀಪಾವಳಿ ಕಳೀಬೇಕು," ಎಂದರು. ಈ ಸಲ ನಗಲಿಲ್ಲ. ಬೇರೆ ದಾರಿಯಿಲ್ಲದೆ ೧೨,೯೯೯ಕ್ಕೇ ಆರ್ಡರ್ ಮಾಡಿದೆವು. ಬರಲು ಆರು ದಿನ. ಎರಡನೆಯ ದಿನವೇ ಹಾಸ್ಟೆಲಿನ ವಾರ್ಡನ್ ಸೀತಾ ಮೇಡಂ ಅವರಿಂದ ಫೋನು ಬಂತು. ಮುನಿಯಲ್ಲಮ್ಮನವರು ಫೋನನ್ನು ಸದಾ ಸ್ಪೀಕರಿನಲ್ಲೇ ಇಟ್ಟುಕೊಳ್ಳುವುದರಿಂದ ನನಗೂ ಕೇಳಿಸಿತು.

"ಮುನಿಯಲ್ಲಮ್ಮ, ಬೇಜಾರು ಮಾಡ್ಕೋಬೇಡಿ. ಹುಡುಗೀರು ತಟ್ಟೇಲಿ ಇಡ್ಲಿ ಕುಟ್ಟಿ ಸದ್ದು ಮಾಡಿ ತೋರಿಸ್ತಿದಾರೆ ನಂಗೆ. ಒಂದಿನ ಅಂದ್ರೆ ಸರಿ, ಎರಡು ವಾರ ಆಯ್ತು. ನಾಳೆಯಿಂದ ಪ್ಯಾಕೆಟ್ ಹಿಟ್ಟಿಗೆ ಹೇಳಿದೀನಿ."

"ಆಯ್ತು ಕಣವ್ವ," ಎಂದರು ಮುನಿಯಲ್ಲಮ್ಮ. ಯಾಕೆ ಹೀಗಾಯಿತೆಂದು ಹೇಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನಾನೂ ಹೇಳಲಿಲ್ಲ. ಫೋನಿಟ್ಟ ಮೇಲೆ ನನ್ನ ಮುಖ ನೋಡಿ, "ಓಗ್ಲಿ ಬುಡು ಮಗ. ನೀನೇನ್ ಬೇಕೂಂತ ಇಂಗೆ ಮಾಡಿದ್ಯಾ?" ಎಂದರು. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಈಗ ಅವರ ಬಳಿ ಹೊಸ ಗ್ರೈಂಡರಿದೆ. ರುಬ್ಬುವುದಕ್ಕೆ ಬೀದಿಯ ಹದಿನೈದಿಪ್ಪತ್ತು ಮನೆಗಳ ಹಿಟ್ಟು ಮಾತ್ರ ಇದೆ.

ಇನ್ನು ತಮ್ಮ ಕಚೇರಿಯ ವಿಷಯ. ಕೊಂಚ ಧೈರ್ಯ ಮಾಡಿ ನಾನೇ ಅಲ್ಲಿಗೆ ಬಂದಿದ್ದೆ. ದೂರಿನ ನಮೂನೆಯಲ್ಲಿ ಅಂಗಡಿಯ ವಿಳಾಸ, ವಾರ್ಡು, ಹತ್ತಿರದ ಗುರುತು ಎಂಬ ಮೂರು ಖಾನೆಗಳಿದ್ದವು. ಅಂಗಡಿ ಆನ್‌ಲೈನಿನಲ್ಲಿದೆ ಎಂದು ಬರೆದುಕೊಟ್ಟೆ. ತಮ್ಮ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು.

"ಅಲ್ಲಮ್ಮಾ, ಅಂಗಡಿ ಎಲ್ಲಿದೆ ಅಂತ ಹೇಳಿದ್ರೆ ತಾನೆ ಹೋಗಿ ನೋಡೋದು? ಹೆಬ್ಬಾಳದ ಲಿಮಿಟ್ಸಾ, ಯಲಹಂಕದ್ದಾ?"

"ಮೊಬೈಲ್‌ನಲ್ಲಿದೆ ಸಾರ್."

"ಮೊಬೈಲ್ ಯಾವ ಲಿಮಿಟ್ಸು?"

"ನಾನು... ಕೊಡಿಗೇಹಳ್ಳಿ."

"ಹಾಂ, ಹಂಗೆ ಹೇಳಿ!" ಎಂದು ಅಂಗಡಿಯ ವಿಳಾಸದ ಖಾನೆಯಲ್ಲಿ ನನ್ನ ಮನೆಯ ವಿಳಾಸವನ್ನೇ ಬರೆದುಕೊಂಡರು. ನೋಟುಪುಸ್ತಕ ತೋರಿಸಿದರೆ, "ನೀವೇ ಬರ್ಕೊಂಡಿದ್ದು ಸಾಕ್ಷಿ ಆಗಲ್ಲಮ್ಮ, ನಾನೂ ಬರೀಬಹುದು" ಎಂದರು. ಸ್ಥಳ ಪರಿಶೀಲನೆ ಏನಾದರೂ ನಡೆದಿದ್ದರೆ ತಮ್ಮ ಸಿಬ್ಬಂದಿ ಹುಡುಕಿಕೊಂಡು ಬಂದದ್ದು ನಮ್ಮ ಮನೆಗೇ ಇರಬೇಕು.

ತಮ್ಮ ಇಲಾಖೆಗೆ ಕೆಲಸ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಸಿದ್ರಾಮಪ್ಪ ಎಂಬವರು ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ಅವರ ತಕ್ಕಡಿಯ ಮುದ್ರೆಯ ಅವಧಿ ಮುಗಿದು ಹದಿನಾಲ್ಕು ದಿನವಾಗಿತ್ತೆಂದು ಇದೇ ತಿಂಗಳು ತಮ್ಮವರು ದಂಡ ಹಾಕಿದರು. ನಿಯಮದ ಪ್ರಕಾರ ಸರಿಯೇ ಇದೆ. ಆದರೆ ಆ ತಕ್ಕಡಿಯ ಮುಂದೆ ನಿಂತವರು ಮುಳ್ಳು ಎಲ್ಲಿದೆಯೆಂದು ನೋಡಬಹುದು, "ಇನ್ನೊಂದು ಟೊಮ್ಯಾಟೊ ಹಾಕಪ್ಪ" ಎನ್ನಬಹುದು. ನಾನೂ ಒಂದು ದಿನ ಅಂದೇನು. ಗೀಟು ಹಾಕಿದ ಬೆಲೆಗೆ ಯಾವ ಮುಳ್ಳಿದೆ? ಆ ಬೆಲೆಗೆ ಆ ಗ್ರೈಂಡರನ್ನು ಯಾರಾದರೂ ಎಂದಾದರೂ ಕೊಂಡಿದ್ದಾರೆಯೇ ಎಂದು ಕೇಳುವವರು ಯಾರು? ಆನ್‌ಲೈನಿನಲ್ಲೂ ಗರಿಷ್ಠ ಮಾರಾಟ ಬೆಲೆ ತೋರಿಸಲೇಬೇಕೆಂಬ ನಿಯಮ ಈ ವರ್ಷದ ಮೊದಲಿಗೆ ಬಂದಿತೆಂದು ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟವಳು ನಾನು. ತೋರಿಸುತ್ತಿದ್ದಾರೆ, ಧಾರಾಳವಾಗಿ ತೋರಿಸುತ್ತಿದ್ದಾರೆ. ಅದು ನಿಜವೇ ಎಂದು ನೋಡುವ ಕೆಲಸವನ್ನು ಇಬ್ಬನಿ ಮಾಡಬೇಕಾಯಿತು.

ಆದ್ದರಿಂದ ನನ್ನ ಬೇಡಿಕೆ. ಅಚ್ಚಾದ ಬೆಲೆಯ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸಿದ್ದರ ಫೋಟೋವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಪೆಟ್ಟಿಗೆಯನ್ನೂ ಕೇಳಿದರೆ ತಂದೊಪ್ಪಿಸುತ್ತೇನೆ. ಮುಕ್ತಾಯಗೊಳಿಸಿದ ದೂರನ್ನು ಮತ್ತೆ ತೆರೆಯಿರಿ. ಅಂಗಡಿಗೆ ಬೀದಿಯಿಲ್ಲದಿದ್ದರೂ ಮಾರಿದವನಿಗೆ ಬಿಲ್ಲಿನಲ್ಲಿ ಹೆಸರು, ವಿಳಾಸ ಎರಡೂ ಇವೆ, ಅವನ್ನು ಬರೆಯಲು ನಮೂನೆಯಲ್ಲಿ ಒಂದು ಖಾನೆ ಮಾಡಿಸಿ. ಮತ್ತು ಯಾವ ಬೆಲೆಗೆ ಗೀಟು ಹಾಕುತ್ತಾರೋ ಆ ಬೆಲೆಗೆ ಹಿಂದಿನ ಒಂದು ತಿಂಗಳು ಆ ಸಾಮಾನನ್ನು ನಿಜವಾಗಿ ಮಾರಿದ್ದರೆ ಮಾತ್ರ ಗೀಟು ಹಾಕಬೇಕೆಂಬ ನಿಯಮಕ್ಕಾಗಿ ಮೇಲಿನವರಿಗೆ ಬರೆಯಿರಿ. ಬೇರೆಯವರ ದುಡ್ಡನ್ನು ಹೀಗೆ ಉಳಿಸಿಕೊಟ್ಟೆವೆಂದು ಹೇಳಿಕೊಳ್ಳುವವರನ್ನು ಒಮ್ಮೆಯಾದರೂ ಎದುರಿಗೆ ಕೂರಿಸಿ ಕೇಳುವ ಅಧಿಕಾರ ತಮಗಿದೆ, ನನಗಿಲ್ಲ.

ನನ್ನ ಕೈಲಾದದ್ದೊಂದಿದೆ. ಅದನ್ನು ಈ ಪತ್ರ ಬರೆಯುತ್ತಿರುವಾಗಲೇ ನಿಶ್ಚಯ ಮಾಡಿದೆ. ನಾಳೆ ಬೆಳಗ್ಗೆ ಐದೂವರೆಗೆ ಒಂದು ಡಬ್ಬ ಹಿಟ್ಟು ತೆಗೆದುಕೊಂಡು ನಾನೇ ಹಾಸ್ಟೆಲಿಗೆ ಹೋಗುತ್ತೇನೆ. ಸೀತಾ ಮೇಡಂ ಎದುರಿಗೆ ನಿಂತು, ಇಡ್ಲಿ ಗಟ್ಟಿಯಾದದ್ದು ಮುನಿಯಲ್ಲಮ್ಮನವರ ಕೈಯಿಂದಲ್ಲ, ಅವರನ್ನು ಕಾಯಿಸಿದ ನನ್ನಿಂದ ಎಂದು ಹೇಳುತ್ತೇನೆ. ಒಂದು ವಾರದ ಮಟ್ಟಿಗೆ ಈ ಹಿಟ್ಟು ತೆಗೆದುಕೊಂಡು ನೋಡಿ ಎಂದು ಕೇಳುತ್ತೇನೆ. ಇಲ್ಲ ಎಂದರೆ ನಾಡಿದ್ದೂ ಹೋಗುತ್ತೇನೆ. ಮುನಿಯಲ್ಲಮ್ಮನವರಿಗೆ ಇನ್ನೂ ತಿಳಿಸಿಲ್ಲ. ಒಂದು ಡಬ್ಬ ಹೆಚ್ಚು ರುಬ್ಬಿಡಿ, ನೆಂಟರು ಬರುತ್ತಾರೆ ಎಂದಷ್ಟೇ ಹೇಳಿದ್ದೇನೆ.

ಇಂತಿ,
ಹನ್ನೆರಡು ದಿನ ಕಾಯಿಸಿ ಸಾವಿರದ ನೂರ ನಲವತ್ತೊಂಬತ್ತು ರೂಪಾಯಿ ಹೆಚ್ಚಿಗೆ ಕೊಡಿಸಿದ, ಬೀದಿಯ ಮಾಜಿ ಬೆಲೆ ಪರಿಣತೆ
ಸಂಹಿತಾ
ಕೊಡಿಗೇಹಳ್ಳಿ, ನವೆಂಬರ್ ೨೦೧೮