ಗಂಡಸರ ಬದಿಯ ನಾಲ್ಕನೆಯ ಬೆಂಚು

ಬಂಟ್ವಾಳ
೧೬ ಸೆಪ್ಟೆಂಬರ್ ೨೦೨೪, ಸೋಮವಾರ

ಮುದ್ದಿನ ಮಗಳು ಹೆಪ್ಸಿಗೆ,

ಅಮ್ಮನ ಪ್ರೀತಿಯ ನೆನಪುಗಳು. ನಾನೂ ಪಪ್ಪನೂ ಸೌಖ್ಯ. ಹುಬ್ಬಳ್ಳಿಯಲ್ಲಿ ನೀವೆಲ್ಲರೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಾರದಿತ್ತೇ ಎಂದು ಕೇಳುತ್ತೀ. ಹೇಳಬಹುದಿತ್ತು, ಆದರೆ ನಾನು ನಮ್ಮ ಚರ್ಚಿನ ಹೆಸರೆತ್ತಿದ ಕೂಡಲೇ ನಿನ್ನ ಕುಕ್ಕರ್ ಕೂಗುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ.

ಮೊದಲು ಸುದ್ದಿ. ಇನ್ನು ಮುಂದೆ ನಮ್ಮ ಚರ್ಚಿನಲ್ಲಿ ಹೆಂಗಸರು ಯಾವ ಬದಿಯ ಬೆಂಚಿನಲ್ಲಾದರೂ ಕೂರಬಹುದು. ಕರ್ತನ ಭೋಜನದ ಸಂಸ್ಕಾರದಲ್ಲಿ ರೊಟ್ಟಿ, ದ್ರಾಕ್ಷಾರಸದ ಬಟ್ಟಲು ಹಂಚುವವರಲ್ಲಿ ಇಬ್ಬರು ಹೆಂಗಸರು ಇರಲೇಬೇಕು. ಹದಿನೆಂಟು ವರ್ಷದ ಹಿಂದೆ ನೀನು ಕೇಳಿದ್ದೂ ಇವೆರಡನ್ನೇ. ಮಂಡಿನೋವು ಮರೆತು ಇವತ್ತು ಬೆಳಿಗ್ಗೆಯಿಂದ ಮನೆಯೆಲ್ಲ ಓಡಾಡುತ್ತಿದ್ದೇನೆ.

ಹೇಗಾಯಿತೆಂದು ಹೇಳುತ್ತೇನೆ. ಪಪ್ಪನ ಮರೆವು ನಿನಗೆ ಗೊತ್ತು. ಆದರೆ ನೀನು ಬಂದರೆ ಎರಡು ದಿನ, ಆದಿತ್ಯವಾರ ಬರುವ ಮೊದಲೇ ಬಸ್ಸು ಹತ್ತುತ್ತೀ, ಆದ್ದರಿಂದ ಆದಿತ್ಯವಾರದ ಪಪ್ಪನನ್ನು ನೀನು ನೋಡಿಲ್ಲ. ಅವತ್ತು ಮಾತ್ರ ತಾವೇ ಶರ್ಟು ಹಾಕಿಕೊಂಡು, ಚರ್ಚಿನ ಕಾರ್ಯದರ್ಶಿಯಾಗಿದ್ದ ಕಾಲದ ಆ ಕಪ್ಪು ರೆಕ್ಸಿನ್ ಚೀಲ ಹಿಡಿದು ಹೊರಡುತ್ತಾರೆ. ಗಂಡಸರ ಬದಿಯ ನಾಲ್ಕನೆಯ ಬೆಂಚಿನಲ್ಲಿ ಕೂತು, ಪ್ರಾರ್ಥನೆಯ ನಡುವೆ ಚೀಲ ಬರಿದು ಮಾಡಿ ಏನನ್ನೋ ಹುಡುಕುತ್ತಾರೆ. ಜೂನ್ ತಿಂಗಳಲ್ಲಿ ಒಂದು ದಿನ ಪ್ರಸಂಗದ ಮಧ್ಯೆಯೇ ಎದ್ದು, ಇಲ್ಲೇ ಇತ್ತು, ಇಲ್ಲೇ ಇತ್ತು ಎಂದು ಅಳತೊಡಗಿದರು. ನಾನು ಹೆಂಗಸರ ಬದಿಯಿಂದ ಎದ್ದು, ನಡುವಿನ ದಾರಿ ದಾಟಿ, ಅವರ ಪಕ್ಕ ಕೂತು ಕೈ ಹಿಡಿದೆ. ಸುಮ್ಮನಾದರು. ಮುಂದಿನ ವಾರದಿಂದ ನಾನೂ ಅಲ್ಲೇ ಕೂತೆ.

ಆಗಸ್ಟಿನಲ್ಲಿ ಸಂಸ್ಕಾರದ ದಿನ ಬಂತು. ಮೊದಲು ಗಂಡಸರು, ಆಮೇಲೆ ಹೆಂಗಸರು, ನಿನಗೆ ಗೊತ್ತಲ್ಲ. ನಾನು ಪಪ್ಪನ ಜೊತೆ ಎದ್ದೆ. ಈಗಿನ ಕಾರ್ಯದರ್ಶಿ ಸತ್ಯದಾಸ ಮಾಮ, ನಿಮ್ಮದು ಆಮೇಲೆ ಎಂದು ಕೈಸನ್ನೆ ಮಾಡಿದರು. ಹೆಂಗಸರ ಸರದಿ ಬಂದಾಗ ಪಪ್ಪ ನನ್ನ ಸೆರಗು ಬಿಡಲಿಲ್ಲ. ಬಿಡಿಸಿಕೊಳ್ಳುವಷ್ಟರಲ್ಲಿ ರೊಟ್ಟಿಯ ತಟ್ಟೆಗೆ ಬಿಳಿಯ ಬಟ್ಟೆ ಮುಚ್ಚಿಯಾಗಿತ್ತು. ಹಿಂದಿನ ದಿನ ಆ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿಕೊಟ್ಟವಳು ನಾನೇ. ನನಗೆ ಅವತ್ತು ಸಂಸ್ಕಾರ ಸಿಗಲಿಲ್ಲ ಹೆಪ್ಸಿ. ಅರುವತ್ತೆಂಟು ವರ್ಷದಲ್ಲಿ ಅಷ್ಟು ಅವಮಾನ ನನಗೆ ಆದದ್ದಿಲ್ಲ. ಪಕ್ಕದ ಮನೆಯ ಬೀಫಾತಿಮಾಳ ಎದುರು ಅತ್ತುಬಿಟ್ಟೆ. ಅಳುವುದೆಂಥಕ್ಕೆ ವತ್ಸಲಕ್ಕ, ಹೋಗಿ ಕೇಳಿ ಎಂದಳು.

ಕೇಳುವ ಮೊದಲೇ ಸತ್ಯದಾಸ ಮಾಮ ಪಾದ್ರಿ ಅಯ್ಯನವರನ್ನು ಕರೆದುಕೊಂಡು ಮನೆಗೆ ಬಂದರು. ನಿಮ್ಮ ಕಷ್ಟ ಗೊತ್ತುಂಟು ವತ್ಸಲಕ್ಕ, ಆದರೆ ನಾಳೆ ಎಲ್ಲರೂ ಹೀಗೆ ಕೂತರೆ ಎಂಥ ಮಾಡುವುದು, ನಿಮ್ಮ ಮಾಸ್ಟ್ರನ್ನು ಮನೆಯಲ್ಲೇ ಕೂರಿಸುವ, ನಾವೇ ಬಂದು ಪ್ರಾರ್ಥನೆ ಮಾಡ್ತೇವೆ ಎಂದರು. ನನ್ನ ಪಿತ್ತ ನೆತ್ತಿಗೇರಿತು. ಎಲ್ಲರೂ ಕೂತರೆ ಬೆಂಚು ತುಂಬ್ತದೆ, ಈಗ ಅರ್ಧ ಖಾಲಿ ಉಂಟಲ್ಲ ಎಂದೆ. ಅಯ್ಯನವರು ಇನ್ನೂ ಹುಡುಗ, ನಗು ತಡೆಯಲಾಗದೆ ಚಹಾದ ಲೋಟದೊಳಗೆ ಮುಖ ಇಟ್ಟರು. ಹೆಂಗಸರ ಕೂಟದಿಂದ ಮನವಿ ಬಂದರೆ ಮಹಾಸಭೆಯ ಮುಂದೆ ಇಡುತ್ತೇನೆ ಎಂದು ಮಾತು ಕೊಟ್ಟು ಹೋದರು.

ಮನವಿ ಬರೆಯಲು ಕೂತೆ, ಒಂದು ಸಾಲೂ ಬರಲಿಲ್ಲ. ಆಗ ಪಪ್ಪನ ಹಳೆಯ ಕಾಗದಗಳ ನಡುವೆ ನಿನ್ನದೇ ಮನವಿ ಸಿಕ್ಕಿತು. ೨೦೦೬ರದು, ನಿನ್ನ ದುಂಡು ಅಕ್ಷರ, ಹನ್ನೊಂದು ಹೆಂಗಸರ ಸಹಿ. ಅವರಲ್ಲಿ ಮೂವರು ಈಗಿಲ್ಲ. ಆ ವರ್ಷದ ಮಹಾಸಭೆಯಲ್ಲಿ ನೀನು ಎದ್ದು ನಮ್ಮ ಮನವಿ ಎಲ್ಲಿ ಎಂದು ಕೇಳಿದ್ದು, ಪಪ್ಪ ಚೀಲದಲ್ಲಿ ಕೈಯಾಡಿಸಿ, ಅಂಥದ್ದೇನೂ ಬಂದಿಲ್ಲ, ಕುಳಿತುಕೋ ಎಂದದ್ದು, ಗಂಡಸರ ಬದಿಯವರು ನಕ್ಕದ್ದು, ಎಲ್ಲ ನೆನಪಾಯಿತು. ಪಪ್ಪನೇ ಅದನ್ನು ಹರಿದು ಹಾಕಿದ್ದಾರೆಂದು ನೀನು ತಿಳಿದೆ. ಮತ್ತೆ ಆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಮದುವೆಯೂ ಹುಬ್ಬಳ್ಳಿಯಲ್ಲೇ ಆಯಿತು.

ಆ ಸಹಿಗಳಲ್ಲಿ ನನ್ನದಿರಲಿಲ್ಲ. ನೀನು ಪೆನ್ನು ಚಾಚಿದಾಗ ಒಲೆಯ ಮೇಲೆ ಅನ್ನ ಇದೆ ಎಂದು ಒಳಗೆ ಹೋಗಿದ್ದೆ. ಈಗ ಹನ್ನೆರಡನೆಯವಳಾಗಿ ಸಹಿ ಹಾಕಿದೆ. ಹೆಂಗಸರ ಕೂಟದ ಸುಕುಮಾರಿ ಅಕ್ಕನೂ ನಾನೂ ಮನೆ ಮನೆ ಸುತ್ತಿ ಇನ್ನೂ ಹದಿನಾಲ್ಕು ಸಹಿ ಹಾಕಿಸಿಕೊಂಡೆವು. ಝೆರಾಕ್ಸ್ ಪ್ರತಿಯನ್ನು ಅಯ್ಯನವರಿಗೆ ಕೊಟ್ಟು, ನಿನ್ನೆ ಮಹಾಸಭೆಯಲ್ಲಿ ನಾನೇ ನಿಂತು ಓದಿದೆ. ರೊಟ್ಟಿ ಸುಡುವ ಕೈಗೆ ಹಂಚಲು ಬಾರದೇ ಎಂದು ನೀನು ಕುಟುಕಿದ್ದೆಯಲ್ಲ, ಅದನ್ನೂ ಬಿಡದೆ ಓದಿದೆ. ಹೆಂಗಸರು ಚಪ್ಪಾಳೆ ತಟ್ಟಿದರು.

ಪರವಾಗಿ ನಲವತ್ತೊಂದು ಕೈ, ವಿರೋಧವಾಗಿ ಒಂಬತ್ತು. ಪಪ್ಪ ಎರಡಕ್ಕೂ ಕೈ ಎತ್ತಿದರು, ಸತ್ಯದಾಸ ಮಾಮ ಎರಡರಲ್ಲೂ ಲೆಕ್ಕ ಹಿಡಿದರು. ಆ ಮನುಷ್ಯ ಹಟಮಾರಿ, ಆದರೆ ಮೋಸಗಾರನಲ್ಲ.

ಅಕ್ಟೋಬರ್ ಆರರಂದು ಸಂಸ್ಕಾರ. ಹಂಚಲು ಸುಕುಮಾರಿ ಅಕ್ಕನ ಹೆಸರು, ನನ್ನ ಹೆಸರು ಬರೆದಿದ್ದಾರೆ. ನನ್ನ ಕೈಯಲ್ಲಿ ತಟ್ಟೆ ಇರುವಾಗ ಪಪ್ಪನ ಪಕ್ಕ ಯಾರಾದರೂ ಕೂರಬೇಕಲ್ಲ. ಗಂಡಸರ ಬದಿ, ನಾಲ್ಕನೆಯ ಬೆಂಚು. ಬರುತ್ತೀಯಾ?

ಅಳಿಯಂದಿರಿಗೂ ಮಕ್ಕಳಿಗೂ ನಮ್ಮ ಪ್ರೀತಿ ತಿಳಿಸು.

ನಿನ್ನ ಅಮ್ಮ,
ವತ್ಸಲಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿನ್ನ ಮನವಿ ಪಪ್ಪನ ಕಾಗದಗಳಲ್ಲಿ ಸಿಗಲಿಲ್ಲ. ನನ್ನ ಸೀರೆ ಪೆಟ್ಟಿಗೆಯ ತಳದಲ್ಲಿ, ಹಾಸಿದ ಪೇಪರಿನ ಅಡಿಯಲ್ಲಿ ಇತ್ತು, ಇಟ್ಟವಳು ನಾನು. ಆ ಮಹಾಸಭೆಯ ಹಿಂದಿನ ದಿನ ಪಪ್ಪ, ಹುಡುಗಿ ಚೆನ್ನಾಗಿ ಬರೆದಿದ್ದಾಳೆ, ನಾಳೆ ನಾನೇ ಓದ್ತೇನೆ ಎಂದು ಅದನ್ನು ಚೀಲಕ್ಕೆ ಹಾಕಿದ್ದರು. ನಿನಗೆ ಸಂಬಂಧ ನೋಡುತ್ತಿದ್ದ ಕಾಲ. ಹುಡುಗಿ ಬಾಯಿಬಡುಕಿ ಎಂದು ಊರು ಆಡಿಕೊಂಡೀತೆಂದು ಹೆದರಿ ತೆಗೆದೆ. ಎಲ್ಲರೆದುರು ಕಳೆದುಹೋಯಿತು ಎನ್ನಲಾಗದೆ ಅವರು ಬಂದೇ ಇಲ್ಲ ಎಂದುಬಿಟ್ಟರು. ಮನೆಗೆ ಬಂದು ಅವರು ಮೂರು ಸಲ ಚೀಲ ಕೊಡವಿದರು. ನನ್ನನ್ನು ಏನೂ ಕೇಳಲಿಲ್ಲ. ತಾನೇ ಕಳೆದುಹಾಕಿದೆನೆಂದುಕೊಂಡು ನಿನ್ನ ಸಿಟ್ಟನ್ನು ಇಷ್ಟು ವರ್ಷ ಹೊತ್ತರು. ನಾನು ನೋಡುತ್ತ ಇದ್ದೆ.

ಇವತ್ತು ಬೆಳಿಗ್ಗೆ ಅದನ್ನು ಅವರ ಚೀಲದಲ್ಲಿ ಇಟ್ಟೆ. ತೆಗೆದು ಓದಿ, ಹೆಪ್ಸಿ ಬರೆದದ್ದು, ಸಭೆಯಲ್ಲಿ ಓದಬೇಕು ಎಂದರು. ಓದಿ ಆಯಿತು ಎಂದೆ. ಎಂಥ ಆಯಿತು ಎಂದು ಕೇಳಿದರು. ಪಾಸಾಯಿತು ಎಂದೆ. ಚೀಲ ಮುಚ್ಚಿ ಪಕ್ಕಕ್ಕಿಟ್ಟು ಊಟಕ್ಕೆ ಬಂದರು. ಇನ್ನು ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು, ಆದರೆ ಇಲ್ಲಿಗೆ ಬಂದು ಮಾಡು.